ಬಿಸಿಲಿಗೆ ಕಪ್ಪಾಗುವ ಗಾಜು

ಅವನು ಅಂಗಡಿಯೊಳಗೆ ಬಂದಾಗ ಎರಡೂ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಳುತ್ತಿರಲಿಲ್ಲ. ಅಳುವವರ ಮುಖ ಹೇಗಿರುತ್ತದೆಂದು ಮಲ್ಲೇಶ್ವರಿಗೆ ಚೆನ್ನಾಗಿ ಗೊತ್ತಿತ್ತು.

“ಬಿಸಲಿಗೆ ಬಂದ್ರ ಹಿಂಗ ಆಗ್ತದರಿ,” ಎಂದ, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಕೊಳ್ಳುತ್ತ. “ಡಾಕ್ಟ್ರಮ್ಮ ಇಲ್ಲೇನ್ರಿ?”

“ನಾನು ಡಾಕ್ಟರ್ ಅಲ್ಲರಿ. ಕಣ್ಣು ನೋಡಿ ಕನ್ನಡಕ ಕೊಡಾಕಿ. ಕುಂದರ್ರಿ.”

“ಅಂದ್ರ ಡಾಕ್ಟ್ರಮ್ಮನ ತಂಗಿ ಅನ್ರಿ.”

ನಗು ಬಂತು. ಬಂದದ್ದಕ್ಕೆ ಅವಳಿಗೇ ಹೆದರಿಕೆಯಾಯಿತು. ಎರಡು ವರ್ಷವಾಗಿತ್ತು ಅವಳು ನಕ್ಕು.

ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರಿಗೆ ಹಂಪಣ್ಣನ ಕನ್ನಡಕದ ಅಂಗಡಿ. ಹೈದರಾಬಾದಿನಲ್ಲಿ ಕಣ್ಣಿನ ಪರೀಕ್ಷೆಯ ಓದು ಮುಗಿಸಿ, ಮದುವೆಯಾಗಿ, ಹನ್ನೊಂದು ತಿಂಗಳಿಗೆ ರಾಯಚೂರು ರಸ್ತೆಯಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಲ್ಲೇಶ್ವರಿಗೆ ಹಂಪಣ್ಣ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದ. ಅಲ್ಲಿ ಅವಳು, ಅಕ್ಷರದ ಪಟ್ಟಿ, ಒಂದು ಕುರ್ಚಿ. ಅಷ್ಟೇ ಸಾಕಾಗಿತ್ತು.

ಬಂದವನ ಹೆಸರು ಭೀಮಶಂಕರ್. ನಾರಾಯಣಪೇಟೆಯ ಕುರುಬರ ಓಣಿಯವನು. ವಯಸ್ಸು ಮೂವತ್ತೆರಡು.

“ಮನ್ಯಾಗ ಯಾರಿಗರ ಕಣ್ಣಿನ ತೊಂದರೆ ಐತೇನ್ರಿ?”

“ಅಪ್ಪಗ ಕಾಣಂಗಿಲ್ಲ. ಅಜ್ಜಗೂ ಕಾಣ್ತಿದ್ದಿಲ್ಲ.” ಊರಿನ ಹವಾಮಾನ ಹೇಳುವವನಂತೆ ಹೇಳಿದ. “ನಮ್ಮ ಮನ್ಯಾಗ ಕಣ್ಣು ನಲವತ್ತು ದಾಟಂಗಿಲ್ಲರಿ.”

ಅವಳ ಕೈಯಲ್ಲಿದ್ದ ಟಾರ್ಚು ಒಂದು ಕ್ಷಣ ಹಾಗೇ ನಿಂತಿತು.

“ಗದ್ವಾಲಿಗೆ ಹೋಗಿ ಕಣ್ಣಿನ ಒತ್ತಡ ನೋಡಿಸ್ಕೊಳ್ರಿ. ಜಲ್ದಿ.”

“ಹೋಗ್ತೀನ್ರಿ,” ಎಂದ. ಹೋಗುವುದಿಲ್ಲವೆಂದು ಅವನ ಧ್ವನಿಯಲ್ಲೇ ಇತ್ತು.

ಬಿಸಿಲಿಗೆ ನೀರು ಸುರಿಯುವ ಕಣ್ಣು. ಸಣ್ಣ ನಂಬರು. ಅವಳು ಬೆಳಕಿಗೆ ತಕ್ಕಂತೆ ಬದಲಾಗುವ ಗಾಜು ತೋರಿಸಿದಳು. “ಹೊರಗ ಹೋದ್ರ ತಾನಾ ಕಪ್ಪಾಗ್ತದ, ಒಳಗ ಬಂದ್ರ ತಾನಾ ತಿಳಿ ಆಗ್ತದ. ಎರಡು ಕನ್ನಡಕ ಬೇಕಾಗಂಗಿಲ್ಲ. ಹೊರಗ ತೆಗೀಬ್ಯಾಡ್ರಿ.”

ಈ ಗಾಜು ಕೊಡುವ ಮೊದಲು ಮೂರು ಮಾತು ಕೇಳಬೇಕೆಂದು ಅವಳಿಗೆ ಕಲಿಸಿದ್ದರು. ಗಾಡಿ ಓಡಿಸುತ್ತೀರಾ? ದಿನಕ್ಕೆ ಎಷ್ಟು ಸಲ ಒಳಗೆ ಹೊರಗೆ ಓಡಾಡುತ್ತೀರಾ? ಬಣ್ಣ ಗುರುತಿಸುವ ಕೆಲಸವೇನಾದರೂ ಇದೆಯಾ?

ಮೊದಲನೆಯದನ್ನು ಕೇಳಿದಳು. “ಇಲ್ಲರಿ,” ಎಂದ.

ಎರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ. “ನಿಮ್ಮ ಹೆಸರೇನ್ರಿ?”

ಆ ಪ್ರಶ್ನೆಯನ್ನು ಎರಡು ವರ್ಷದಿಂದ ಯಾರೂ ಕೇಳಿರಲಿಲ್ಲ. ಎಲ್ಲರೂ ‘ಪಾಪ, ತುಳಸಮ್ಮನ ಮಗಳು’ ಎನ್ನುತ್ತಿದ್ದರು.

ಹೆಸರು ಹೇಳಿದಳು. ಉಳಿದ ಎರಡು ಮಾತು ಕೇಳದೇ ಉಳಿದವು.

*

ಅವನು ಮತ್ತೆ ಬಂದ. ಸ್ಕ್ರೂ ಸಡಿಲವಾಗಿದೆ ಎಂದ. ಸಡಿಲವಾಗಿರಲಿಲ್ಲ. ಮುಂದಿನ ವಾರ ಮೂಗಿನ ಮೇಲೆ ಒತ್ತುತ್ತದೆ ಎಂದ. ಅದೂ ಸುಳ್ಳು.

“ಇವನ ಮೂಗು ವಾರಕ್ಕೊಮ್ಮೆ ಬೆಳಿತೈತೇನವ್ವ?” ಎಂದು ಹಂಪಣ್ಣ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೇಳಿದ. ಕೇಳಿ, ಚಹಾ ಹೇಳಲು ಎದ್ದು ಹೋದ. ಆಮೇಲೆ ಪ್ರತಿ ಸಲವೂ ಎದ್ದು ಹೋದ.

ಒಂದು ವರ್ಷವಾದ ಮೇಲೆ ಭೀಮಶಂಕರ್ ಮುಚ್ಚುಮರೆಯಿಲ್ಲದೆ ಕೇಳಿದ. “ನನ್ನ ಕೂಡ ಉಡಿಕಿ ಆಗ್ತಿ?”

ಗಂಡ ಸತ್ತವಳ ಮರುಮದುವೆಗೆ ಅವರಲ್ಲಿ ಉಡಿಕಿ ಎನ್ನುತ್ತಾರೆ. ಆಗಬಾರದೆಂದೇನಿಲ್ಲ. ಆದರೆ ಅಂಥ ಮದುವೆಯಲ್ಲಿ ಎಲ್ಲರ ಕಣ್ಣೂ ತಪ್ಪು ಹುಡುಕುತ್ತಿರುತ್ತವೆ.

“ನಿಮ್ಮವ್ವ?”

“ಅವ್ವ ಮುಖ ಊದಿಸ್ಕೊಂಡಾಳ. ಊದಿದ್ದು ಇಳೀತದ.”

ಅವಳು ಹೂಂ ಎಂದಳು. ಅಂದು ಸಂಜೆ ಮನೆಗೆ ಹೋಗುವಾಗ ಕಾರಣವಿಲ್ಲದೆ ಎರಡು ಸಲ ಹಿಂದೆ ತಿರುಗಿ ನೋಡಿದಳು. ಸುಖ ತನ್ನ ಬಾಗಿಲಿಗೆ ಎರಡನೇ ಸಲ ಬರುವುದೆಂದರೆ... ಹಿಂದೆ ಯಾರನ್ನೋ ಕರೆದುಕೊಂಡೇ ಬರುತ್ತದೇನೋ.

*

ಭೀಮಶಂಕರನ ಮನೆತನದ ಕೆಲಸ ಕಂಬಳಿ ನೇಯುವುದು. ಮದುವೆಯಲ್ಲಿ ಕುಲದೇವರು ಬೀರಪ್ಪನ ಹೆಸರಿನಲ್ಲಿ ಹಾಸುವ ಗದ್ದಿಗೆ ಕಂಬಳಿಗೆ ಓಣಿಯವರೆಲ್ಲ ಅವರಲ್ಲಿಗೇ ಬರುತ್ತಾರೆ. ಅದಕ್ಕೆ ಬಣ್ಣ ಹಾಕುವಂತಿಲ್ಲ. ಹುಟ್ಟಾ ಕಪ್ಪು ಕುರಿಯ ಉಣ್ಣೆಯೇ ಆಗಬೇಕು. ಕಂದು ಕುರಿಯ ಕೆಂಚ ಉಣ್ಣೆಯ ಒಂದೆಳೆಯೂ ಸೇರಕೂಡದು. ಸೇರಿದರೆ ದೇವರು ಒಲ್ಲೆ ಅಂದ ಹಾಗೆ.

ತನ್ನ ಮದುವೆಯ ಗದ್ದಿಗೆ ಕಂಬಳಿಯನ್ನು ಅವನು ತಾನೇ ನೇಯ್ದ. ಮಾಗಿಯ ಚಳಿಯಲ್ಲಿ, ನಲವತ್ತು ದಿನ.

ಮದುವೆಗೆ ಒಂಬತ್ತು ದಿನವಿರುವಾಗ ಹೆಣ್ಣಿನ ಕಡೆಯವರ ಎದುರಿಗೆ ಅದನ್ನು ಬಿಚ್ಚಿ ತೋರಿಸುವ ರೂಢಿ. ಮಲ್ಲೇಶ್ವರಿ ತಾಯಿ ತುಳಸಮ್ಮನ ಜೊತೆ ನಾರಾಯಣಪೇಟೆಗೆ ಹೋದಳು. ಬೆಳಗಿನ ಹತ್ತು ಗಂಟೆ. ಅಂಗಳದಲ್ಲಿ ಚಳಿಗಾಲದ ಬಿಸಿಲು. ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ.

ಅವನ ಸೋದರತ್ತೆ ಕಿಷ್ಟಮ್ಮ ಕಂಬಳಿ ಕೊಡವಿ ಹಾಸಿದಳು. ಮೇಲೆ ಕೈಯಾಡಿಸುತ್ತ ನಡುವಿಗೆ ಬಂದಳು. ಕೈ ನಿಂತಿತು.

“ಇದೇನಲೇ ಭೀಮ್ಯಾ? ಕರಿ ಕಂಬಳ್ಯಾಗ ಕೆಂಚ?”

ನಡುಮಧ್ಯೆ, ನಾಲ್ಕು ಬೆರಳಗಲ, ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಕಂದು ಪಟ್ಟೆ. ಒಣಗಿದ ರಕ್ತದ ಬಣ್ಣ.

ಭೀಮಶಂಕರ್ ಬಗ್ಗಿ ನೋಡಿದ. “ಎಲ್ಲೈತಿ?” ಎಂದ.

ಕಿಷ್ಟಮ್ಮ ಪಟ್ಟೆಯ ಮೇಲೆ ಬೆರಳಿಟ್ಟಳು.

“ಎಲ್ಲೈತಿ ಅತ್ತಿ?” ಮತ್ತೆ ಕೇಳಿದ. ಈ ಸಲ ಧ್ವನಿ ಸಣ್ಣದಾಗಿತ್ತು.

“ಎಲ್ಲರಿಗೂ ಕಾಣ್ತದ. ನೇಯ್ದವಗ ಕಾಣಂಗಿಲ್ಲ.” ಕಿಷ್ಟಮ್ಮ ಕಂಬಳಿಯ ಕಡೆ ನೋಡುತ್ತಿರಲಿಲ್ಲ. ಮಲ್ಲೇಶ್ವರಿಯ ಹಣೆಯನ್ನು ನೋಡುತ್ತಿದ್ದಳು. “ಬೀರಪ್ಪ ಹೇಳೋದು ಹೇಳಿದ. ಇನ್ನ ನಿಮ್ಮಿಷ್ಟ.”

ಮಲ್ಲೇಶ್ವರಿ ತಲೆ ತಗ್ಗಿಸಿ ಕೂತಿದ್ದಳು. ಅವನ ಮುಖ ನೋಡಲಿಲ್ಲ, ಅವನ ಕನ್ನಡಕವನ್ನೂ ನೋಡಲಿಲ್ಲ. ನನ್ನ ಮಾನ ಉಳಿಸಲು ಕಾಣದವನಂತೆ ನಟಿಸುತ್ತಿದ್ದಾನೆ ಎಂದುಕೊಂಡಳು. ಎದೆ ತುಂಬಿ ಬಂತು.

ನಾಲ್ಕನೇ ದಿನ ಫೋನ್ ಬಂತು.

“ಮಲ್ಲಿ... ಬ್ಯಾಡ.”

“ಏನು ಬ್ಯಾಡ?”

“ಉಡಿಕಿ.”

“ಅತ್ತಿ ಮಾತಿಗಾ? ಕಂಬಳಿಗಾ?”

“ಕೇಳಬ್ಯಾಡ.” ಫೋನ್ ಇಟ್ಟ. ಆಮೇಲೆ ಎತ್ತಲಿಲ್ಲ.

ಅವಳು ಅಳಲಿಲ್ಲ. ಮರುದಿನ ಅಂಗಡಿಗೆ ಹೋಗಿ ಕುರ್ಚಿ ಒರೆಸಿದಳು. ಅವನಿಗೂ ನಾನು ಅಪಶಕುನವೇ ಆದೆ. ಆ ಒಂದು ವಾಕ್ಯ ತಲೆಯೊಳಗೆ ಕೂತಿತು. ಬೇರೆ ಏನೂ ಕೂರಲಿಲ್ಲ.

*

ಇಪ್ಪತ್ತು ದಿನ ಕಳೆದ ಮೇಲೆ ಸಂಗಮ್ಮ ಬಂದಳು. ಭೀಮಶಂಕರನ ತಾಯಿ. ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿ, ಮಗನ ಕನ್ನಡಕವನ್ನು ಮೇಜಿನ ಮೇಲಿಟ್ಟಳು.

“ಇದಕ್ಕ ದೊಡ್ಡ ನಂಬರಿನ ಗಾಜು ಹಾಕಿ ಕೊಡು. ನಾ ಬಂದದ್ದು ಅವಗ ಗೊತ್ತಿಲ್ಲ.”

“ಯಾಕ್ರಿ? ಏನಾಗೈತಿ?”

“ಕಣ್ಣಿನ ಅಂಗಡಿ ಇಟ್ಕೊಂಡು ಕುಂತಿ. ನಿನಗೇನೂ ಕಾಣ್ಲಿಲ್ಲ?” ಮುದುಕಿಯ ಧ್ವನಿ ಗಡುಸಾಗಿತ್ತು. “ಅಂಗಳದಿಂದ ಒಳಗ ಬಂದ್ರ ಗ್ವಾಡಿ ಹಿಡ್ಕೊಂಡು ನಿಂದರ್ತಾನ. ಮಗ್ಗದ ಗುಂಡ್ಯಾಗ ಇಳಿಯಾಕ ಹೋಗಿ ಬಿದ್ದ. ಅವರಪ್ಪಗೂ ಹಿಂಗ ಸುರು ಆಗಿತ್ತು.”

ಮಲ್ಲೇಶ್ವರಿ ಕನ್ನಡಕದಿಂದ ತಲೆಯೆತ್ತಿದಳು.

“ಅದಕ್ಕ ಬ್ಯಾಡ ಅಂದ್ರಾ?”

“ಮತ್ತೇನು, ಆ ಕಿಷ್ಟಿ ಮಾತಿಗಾ? ಆಕಿ ಮಾತು ನಮ್ಮನಿ ಕುರೀನೂ ಕೇಳಂಗಿಲ್ಲ.” ಸಂಗಮ್ಮ ಮೂಗು ಒರೆಸಿಕೊಂಡಳು. “ಒಮ್ಮಿ ಗಂಡನ್ನ ಕಳ್ಕೊಂಡಾಳ, ಕುರುಡನ ಕೈ ಹಿಡಿದು ಎರಡನೇ ಸಲ ಯಾಕ ಹಾಳಾಗ್ಲಿ ಅಂತಾನ. ನಿನಗ ಹೇಳಬಾರದಂತ ನನ್ನ ಕಡಿಂದ ಆಣಿ ಹಾಕಿಸ್ಕೊಂಡಾನ. ಇಗಾ, ಆಣಿ ಮುರಿದೀನಿ. ಪಾಪ ಬಂದ್ರ ನನಗ ಬರ್ಲಿ.”

ಮಲ್ಲೇಶ್ವರಿ ಕನ್ನಡಕ ಎತ್ತಿಕೊಂಡು ಹೊರಗೆ ಹೋದಳು. ಮೆಟ್ಟಿಲ ಮೇಲೆ ಬಿಸಿಲಿತ್ತು, ಗಾಳಿ ತಣ್ಣಗಿತ್ತು. ಗಾಜು ಒಂದು ನಿಮಿಷದೊಳಗೆ ಕಾಡಿಗೆಯಂತೆ ಕಪ್ಪಾಯಿತು. ಒಳಗೆ ತಂದು ಬಿಳಿ ಕಾಗದದ ಮೇಲಿಟ್ಟು ಗಡಿಯಾರ ನೋಡಿದಳು. ಎರಡು ನಿಮಿಷ. ನಾಲ್ಕು. ಆರು. ಇನ್ನೂ ಹೊಗೆ ಹಿಡಿದ ಚಿಮಣಿಯಂತಿತ್ತು.

ಚಳಿಯಲ್ಲಿ ಈ ಗಾಜು ಹೆಚ್ಚು ಕಪ್ಪಾಗುತ್ತದೆ, ತಿಳಿಯಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಹಳೆಯದಾದಷ್ಟೂ ಇನ್ನೂ ನಿಧಾನ. ಅದೆಲ್ಲ ಅವಳು ಓದಿದ್ದೇ.

“ಅವ್ವ, ಉಣ್ಣಿ ಎಲ್ಲಿ ಕುಂತು ಆರಿಸ್ತಾರ?”

“ಅಂಗಳದಾಗ. ಬಿಸಲಿಗೆ ಹಿಡಿದ್ರನ ಕರಿ ಯಾವುದು, ಕೆಂಚ ಯಾವುದು ಗೊತ್ತಾಗೋದು. ಅವರಜ್ಜನ ಕಾಲದಿಂದ ಹಂಗ.”

“ಕನ್ನಡಕ ಹಾಕ್ಕೊಂಡಾ?”

“ನೀನಾ ಹೇಳಿದ್ದಿ ಅಂತಲ್ಲ, ಹೊರಗ ತೆಗೀಬ್ಯಾಡ್ರಿ ಅಂತ. ದೇವರ ಮಾತಿನಂಗ ಪಾಲಿಸ್ಯಾನ.”

ಬಣ್ಣ ಗುರುತಿಸುವ ಕೆಲಸವೇನಾದರೂ ಇದೆಯಾ?

ಕೇಳದೇ ಬಿಟ್ಟ ಮಾತು ಈಗ ಬಂದು ಎದುರಿಗೆ ಕೂತಿತು. ಉಣ್ಣೆಯ ಬಣ್ಣ ನೋಡಲು ಅವರ ಮನೆತನ ನಂಬಿದ್ದು ಬಿಸಿಲನ್ನು. ಆ ಬಿಸಿಲೇ ಗಾಜನ್ನು ಕಪ್ಪು ಮಾಡಿ ಕಂದನ್ನೂ ಕಪ್ಪೆಂದೇ ತೋರಿಸಿತ್ತು. ನಲವತ್ತು ದಿನ.

“ತಪ್ಪು ಗಾಜಿಂದಾ?” ಎಂದು ಕೇಳಿದಳು ಸಂಗಮ್ಮ.

“ನಂದು,” ಎಂದಳು ಮಲ್ಲೇಶ್ವರಿ. “ನಡೀರಿ. ಹನ್ನೆರಡರ ಬಸ್ ಐತಿ.”

*

ಭೀಮಶಂಕರ್ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದ. ಮಗ್ಗದಲ್ಲಿ ನೂಲಿರಲಿಲ್ಲ. ಮೂಲೆಯ ಮಂಚದ ಮೇಲೆ ಅವನ ತಂದೆ ತಾಯಪ್ಪ ಮಲಗಿದ್ದ, ತೆರೆದ ಕಣ್ಣು ಜಂತಿಯ ಕಡೆಗೆ.

ಅವಳ ಹೆಜ್ಜೆ ಕೇಳಿಯೇ ಅವನಿಗೆ ಗೊತ್ತಾಯಿತು.

“ಅವ್ವ ಹೇಳಿದ್ಲಾ?”

“ಹೇಳಿದ್ರು. ಏಳ್ರಿ, ಅಂಗಳಕ್ಕ ಬರ್ರಿ.”

“ಮಲ್ಲಿ, ನೋಡಿ ಏನ್ ಮಾಡ್ತಿ...”

“ಏಳ್ರಿ ಅಂದೆ.”

ಕನ್ನಡಕ ಹಾಕಿಸಿ, ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿದಳು. ಆಮೇಲೆ ಎರಡೂ ಕೈಯಲ್ಲಿ ಒಂದೊಂದು ಹಿಡಿ ಉಣ್ಣೆ ಕೊಟ್ಟಳು. “ಯಾವುದು ಕೆಂಚ?”

ಅವನು ನೋಡಿದ. ಬಹಳ ಹೊತ್ತು ನೋಡಿದ. “ಎರಡೂ ಕರಿ,” ಎಂದ.

ಅವಳು ಕೈ ಚಾಚಿ ಕನ್ನಡಕ ತೆಗೆದಳು. ಅವನ ಕಣ್ಣಿಗೆ ನೀರು ನುಗ್ಗಿತು. ರೆಪ್ಪೆ ಬಡಿದು, ಒರೆಸಿ, ಮತ್ತೆ ನೋಡಿದ. ಎಡಗೈ ನಿಧಾನವಾಗಿ ಮೇಲೇರಿತು.

“ಇದು,” ಎಂದ. “ಇದು ಕೆಂಚ. ಮಲ್ಲಿ, ಇದು ಕೆಂಚ ಐತಿ...”

“ಹೌದು. ನಿಮ್ಮ ಕಣ್ಣಲ್ಲ, ನಾ ಕೊಟ್ಟ ಗಾಜು. ಕೊಡೋವಾಗ ಹೇಳಬೇಕಿತ್ತು, ಬಣ್ಣ ನೋಡೋವಾಗ ತೆಗೀರಿ ಅಂತ. ಒಳಗ ಬಂದ ಮ್ಯಾಲ ತಿಳಿ ಆಗಾಕ ಹೊತ್ತು ಬೇಕು ಅಂತ. ಹೇಳ್ಲಿಲ್ಲ. ನೀವು ಹೆಸರು ಕೇಳಿದ್ರಿ, ನಾ ಕೆಲಸ ಮರೆತೆ.”

ಅವನು ಎರಡೂ ಹಿಡಿಯನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿದ. ಆಮೇಲೆ ನಗತೊಡಗಿದ. ಅಂಗಳದ ನಡುವೆ, ಎರಡು ಕೈಯಲ್ಲಿ ಉಣ್ಣೆ ಹಿಡಿದುಕೊಂಡು, ಭುಜ ಕುಣಿಸುತ್ತ ನಕ್ಕ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಸಂಗಮ್ಮನ ಮುಖ ಮೊದಲ ಸಲ ಸಡಿಲವಾಯಿತು.

“ಅಂದ್ರ ನಾ ಕುರುಡ ಆಗಂಗಿಲ್ಲ?”

ಇಲ್ಲ ಎನ್ನಬೇಕೆಂದು ಅವಳ ಬಾಯಿ ತೆರೆಯಿತು. ಮುಚ್ಚಿತು. ಅರ್ಧ ಪರೀಕ್ಷೆ ಮಾಡಿ ಒಮ್ಮೆ ತಪ್ಪಿದ್ದಳು.

“ಒಂದು ನಿಮಿಷ ಕುಂದರ್ರಿ. ಬಲಗಣ್ಣು ಮುಚ್ಚತೀನಿ. ನನ್ನ ಮೂಗನ್ನ ನೋಡಬೇಕು. ಪಕ್ಕದಾಗ ಬೆರಳು ಅಲ್ಲಾಡಿದ್ದು ಕಂಡ್ರ ಹೇಳ್ರಿ.”

“ನಿನ್ನ ಮೂಗು ಎಷ್ಟೊತ್ತರ ನೋಡ್ತೀನಿ.”

ಅವನ ಎಡಗಣ್ಣಿನ ಹೊರಮೂಲೆಯಿಂದ ಬೆರಳು ತಂದಳು. “ಕಂಡ್ತು,” ಎಂದ. ಕೆಳಗಿನಿಂದ ತಂದಳು. “ಕಂಡ್ತು.”

ಮೂಗಿನ ಕಡೆಯಿಂದ, ಮೇಲಿನಿಂದ ತಂದಳು. ಬೆರಳಾಡಿಸುತ್ತ ಒಳಗೆ ಬಂದಳು. ಇನ್ನೂ ಒಳಗೆ.

ಅವನು ನಗುತ್ತಲೇ ಇದ್ದ. “ಸುರು ಮಾಡು,” ಎಂದ.

ಅವಳ ಬೆರಳು ಆಗಲೇ ಅವನ ಹುಬ್ಬಿನ ಹತ್ತಿರ ಆಡುತ್ತಿತ್ತು.

ಇನ್ನೊಮ್ಮೆ ಮಾಡಿದಳು. ಮತ್ತೊಮ್ಮೆ. ಅದೇ ಜಾಗದಲ್ಲಿ, ಅದೇ ಕತ್ತಲೆ. ಬಲಗಣ್ಣಿನಲ್ಲಿ ಏನೂ ದೋಷವಿರಲಿಲ್ಲ. ಎಡಗಣ್ಣಿನಲ್ಲಿತ್ತು. ಇದಕ್ಕೆ ಗಾಜು ಕಾರಣವಲ್ಲ.

ಈಗ ಸುಮ್ಮನಿದ್ದರೆ? ಅವಳ ಮನಸ್ಸು ತಣ್ಣಗೆ ಲೆಕ್ಕ ಹಾಕಿತು. ಮದುವೆಯಾಗುತ್ತದೆ. ಒಂದು ವರ್ಷ, ಎರಡು ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಮದುವೆಯಾದ ಮೇಲೆ ಹೇಳಿದರಾಯಿತು. ಈಗ ಹೇಳಿದರೆ ಅವನು ಮತ್ತೆ ಗುಂಡಿಗಿಳಿಯುತ್ತಾನೆ, ಈ ಸಲ ನಿಜವಾದ ಕಾರಣದ ಜೊತೆ.

ಅವನ ಮುಖದ ಮೇಲೆ ಇನ್ನೂ ನಗುವಿತ್ತು.

“ನಾ ಸುರು ಮಾಡಿ ಆಗಲೇ ಹೊತ್ತಾತ್ರಿ,” ಎಂದಳು.

ನಗು ಒಡನೆಯೇ ಹೋಗಲಿಲ್ಲ. ತೆಗೆಯುವವರಿಲ್ಲದೆ ಮುಖದ ಮೇಲೇ ಸ್ವಲ್ಪ ಹೊತ್ತು ಉಳಿಯಿತು.

“ಅಪ್ಪಂದಾ?”

“ಇರಬಹುದು. ಒತ್ತಡ ನೋಡದೆ ಹೇಳಾಕ ಬರಂಗಿಲ್ಲ. ಎಡಗಣ್ಣಿನ ಒಂದು ಮೂಲಿ ಹೋಗೈತಿ. ಉಳಿದದ್ದು ಇನ್ನೂ ಐತಿ.”

ಸಂಗಮ್ಮ ಚಹಾದ ಬಟ್ಟಲನ್ನು ಹೊಸ್ತಿಲ ಮೇಲಿಟ್ಟಳು.

ಅವನು ಎದ್ದ. ಉಣ್ಣೆಯನ್ನು ಕೆಳಗಿಟ್ಟ. “ಹಂಗಾದ್ರ ನಾ ಹೇಳಿದ್ದನಾ ಸರಿ ಇತ್ತು. ಹೋಗು ಮಲ್ಲಿ. ಎರಡರ ಬಸ್ಸಿಗೆ ಹೋಗು.”

“ಹೋಗಂಗಿಲ್ಲ.”

“ಹೋಗು.”

ಒಳಗಿನಿಂದ ತಾಯಪ್ಪನ ಧ್ವನಿ ಬಂತು. ದಿನಕ್ಕೆರಡು ಮಾತಾಡದ ಮುದುಕ. “ಲೇ ಭೀಮ್ಯಾ.”

ಭೀಮಶಂಕರ್ ಬಾಗಿಲ ಕಡೆ ತಿರುಗಿದ.

“ನನಗ ಕಣ್ಣು ಹೋಗ್ತಾ ಇದ್ದಾಗ ಎಲ್ಲಾರೂ ಏನಿಲ್ಲ, ಏನಿಲ್ಲ ಅಂದ್ರು. ಬೇಫಿಕರ್ ಇರು ಅಂದ್ರು. ನಾನೂ ಇದ್ದೆ. ಕಂಡದ್ದು ಕಂಡಂಗ ಹೇಳೋರು ಒಬ್ಬರೂ ಬರ್ಲಿಲ್ಲ. ಹೇಳಾಕಿ ಬಂದಾಳ. ಕಳಸಬ್ಯಾಡ.”

*

ಗದ್ವಾಲಿಗೆ ಹೋಗುವ ಬಸ್ಸು ಕೃಷ್ಣೆ ದಾಟುತ್ತಿತ್ತು. ಅವನು ಕಿಟಕಿಯ ಪಕ್ಕ ಕೂತು ನೀರನ್ನು ನೋಡುತ್ತಿದ್ದ. ಒಂದೊಂದು ಕಣ್ಣನ್ನು ಮುಚ್ಚಿ ಮುಚ್ಚಿ ನೋಡುತ್ತಿದ್ದ. ಅವಳು ಕಂಡೂ ಕಾಣದವಳಂತೆ ಕೂತಿದ್ದಳು.

ಕಣ್ಣಿನ ಡಾಕ್ಟರು ಯಂತ್ರದಲ್ಲಿ ನೋಡಿದರು, ಹನಿ ಹಾಕಿ ನೋಡಿದರು, ಕತ್ತಲೆ ಕೋಣೆಯಲ್ಲಿ ಬೆಳಕಿನ ಚುಕ್ಕಿ ತೋರಿಸಿ ನೋಡಿದರು. ಎರಡೂವರೆ ತಾಸು.

“ಎರಡೂ ಕಣ್ಣಾಗ ಒತ್ತಡ ಐತಿ. ಎಡಗಣ್ಣಿನ ನರ ಸ್ವಲ್ಪ ಹಾಳಾಗೈತಿ,” ಎಂದರು. “ಹೋದದ್ದು ಬರಂಗಿಲ್ಲಪ್ಪ. ಇದ್ದದ್ದನ್ನ ಕಾಯಬಹುದು. ದಿನಕ್ಕ ಎರಡು ಹೊತ್ತು ಹನಿ. ಒಂದಿನಾನೂ ತಪ್ಪಬಾರದು.”

“ಎಷ್ಟು ದಿನಾರಿ?”

“ಇರೋತನಕ.”

“ತಪ್ಪದಂಗ ಹಾಕಿದ್ರ ಉಳೀತದೇನ್ರಿ?”

ಡಾಕ್ಟರು ಪೆನ್ನು ಮುಚ್ಚಿದರು. “ಬಹಳ ಮಂದಿಗೆ ಉಳೀತದ.”

ಎಲ್ಲರಿಗೂ ಎನ್ನಲಿಲ್ಲ. ಇಬ್ಬರೂ ಅದನ್ನು ಕೇಳಿಸಿಕೊಂಡರು.

ಹೊರಗೆ ಬೇವಿನ ಮರದ ಕೆಳಗೆ ಸಿಮೆಂಟಿನ ಬೆಂಚು. ಅವನ ಕೈಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಸೀಸೆ.

“ತಿರುಗಿ ಹೋಗಾಕ ಇನ್ನೂ ಟೈಮ್ ಐತಿ,” ಎಂದ.

“ಬಸ್ಸಿಗಾ?”

“ನಿನಗ.”

ಬೇವಿನ ಒಣ ಎಲೆ ಒಂದೊಂದಾಗಿ ಬೀಳುತ್ತಿತ್ತು.

“ಅವರು ಹೋಗೋವಾಗ ನನ್ನ ಕೇಳ್ಲಿಲ್ಲ,” ಎಂದಳು. ಗಂಡನ ಬಗ್ಗೆ ಅವಳು ಭೀಮಶಂಕರನ ಎದುರಿಗೆ ಹೇಳಿದ ಮೊದಲ ಮಾತು ಅದು. “ಸಾವು ಕೇಳಂಗಿಲ್ಲ, ಇರ್ಲಿ. ನಿಮಗ ಬಾಯಿತ್ತು. ನೀವೂ ಕೇಳ್ಲಿಲ್ಲ. ನನ್ನ ಹೊರಗ ನಿಲ್ಲಿಸಿ ನನ್ನ ತೀರ್ಪು ಬರದ್ರಿ.”

ಅವನು ತಲೆ ತಗ್ಗಿಸಿದ.

“ನಾ ಅಪಶಕುನ ಅಂತ ಬಿಟ್ರಿ ಅಂದ್ಕೊಂಡೆ. ಇಪ್ಪತ್ತು ದಿನ.”

“ಹಂಗಂದ್ಕೊಂಡಿ?” ಅವನು ಅವಳ ಕಡೆ ತಿರುಗಿದ. “ಮಲ್ಲಿ, ನಾ ಹೆದರಿದ್ದೆ. ನಿನಗಲ್ಲ. ನಿನಗ ಇನ್ನೊಂದು ಸಲ ಕತ್ತಲ ಕೊಡ್ತೀನಲ್ಲ ಅಂತ.”

“ಕತ್ತಲ ನನಗ ಗೊತ್ತೈತಿ. ಹೇಳದ ಬರೋದು ಬ್ಯಾಡ. ಹೇಳಿ ಬಂದ್ರ ಕುಂತು ನೋಡೂಣು.”

ಅವನು ಸೀಸೆಯನ್ನು ಅವಳ ಕೈಗೆ ಕೊಟ್ಟು ಕೇಳಿದ. “ಈಗ ಕೇಳ್ತೀನಿ. ಕಣ್ಣು ಉಳೀತದೋ ಇಲ್ಲೋ ಗೊತ್ತಿಲ್ಲ. ನನ್ನ ಕೂಡ ಇರ್ತಿ?”

“ಮುಖ ಮ್ಯಾಲ ಮಾಡ್ರಿ.”

“ಯಾಕ?”

“ಮೊದಲನೇ ಹನಿ ಈಗಲೇ ಅಂದಾರ.”

ಅವನು ಮುಖ ಎತ್ತಿದ. ಅವಳು ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಎಳೆದಳು. ಎಡಗಣ್ಣಿಗೆ ಒಂದು ಹನಿ. ಬಲಗಣ್ಣಿಗೆ ಒಂದು.

“ಉರಿತೈತಿ.”

“ಉರೀಲಿ. ಎರಡು ನಿಮಿಷ ತೆರೀಬ್ಯಾಡ್ರಿ.”

ಅವನು ಕಣ್ಣು ಮುಚ್ಚಿಕೊಂಡು ಕೂತ. “ಉತ್ತರ ಹೇಳ್ಲಿಲ್ಲ ನೀ.”

“ಸಂಜೀ ಹನಿ ಯಾರು ಹಾಕ್ತಾರ?”

“ಅವ್ವನ ಕೈ ನಡಗ್ತಾವ.”

“ಮತ್ತ?”

ಮುಚ್ಚಿದ ಕಣ್ಣಿನಲ್ಲೇ ಅವನ ತುಟಿ ಸ್ವಲ್ಪ ನಕ್ಕಿತು. ಆಮೇಲೆ ನಗು ನಿಂತಿತು. ಬೆಂಚಿನ ಮೇಲೆ ಕೈ ತಡಕಾಡಿತು. ಅವಳು ತನ್ನ ಕೈಯನ್ನು ಅದರ ದಾರಿಯಲ್ಲಿಟ್ಟಳು.

“ಮಲ್ಲಿ, ಅದಿಯಲ್ಲ?”

“ಅದೀನಿ.”

ಅವಳು ಗಡಿಯಾರ ನೋಡಿದಳು. ಇನ್ನೂ ಒಂದು ನಿಮಿಷವಿತ್ತು.